ಕಣ್ಣು ಕದಲಿಸದೆ ನೋಡಿದ ಹೆಲ್ಮ್‌ಹೋಲ್ಟ್ಸ್

ಲಕ್ಷ್ಮೇಶ್ವರದ ಪ್ರೌಢಶಾಲೆಯೊಂದರಲ್ಲಿ 10ನೇ ತರಗತಿಗೆ ಮಾನವನ ಕಣ್ಣಿನ ಪಾಠ ಮಾಡುತ್ತಿದ್ದೆ. ಕಪ್ಪು ಹಲಗೆಯ ಮೇಲೆ ಚಿತ್ರ ಬಿಡಿಸಿ ತಿರುಗಿದರೆ ಒಬ್ಬ ಹುಡುಗನ ಕಣ್ಣು ಹಲಗೆಯ ಪಕ್ಕದ ಕಿಟಕಿಯ ಮೇಲಿತ್ತು. ಗದರಿಸಿ ನಿಲ್ಲಿಸಿದೆ. ಕಾರ್ನಿಯಾ ಎಂದು ಬರೆಯಬೇಕಾದಲ್ಲಿ ನಾನು ಅಕ್ಷಿಪಟಲ ಎಂದು ಬರೆದದ್ದನ್ನು ಅವನು ಮೆಲ್ಲಗೆ ತೋರಿಸಿದ. ತರಗತಿಯಲ್ಲಿ ಬೇರೆ ಯಾರೂ ಅದನ್ನು ಗಮನಿಸಿರಲಿಲ್ಲ.

ಸಂಜೆ ಗದಗಿಗೆ ಮರಳುವ ಬಸ್ಸಿನಲ್ಲಿ ನನಗೆ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ನೆನಪಾದರು.

ಅವರು ಹುಟ್ಟಿದ್ದು 1821ರಲ್ಲಿ, ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ. ತಂದೆ ಶಾಲಾ ಶಿಕ್ಷಕರು. ಮಗನಿಗೆ ಭೌತಶಾಸ್ತ್ರದ ಆಸೆ, ಆದರೆ ಓದಿಸುವ ಶಕ್ತಿ ಮನೆಗಿರಲಿಲ್ಲ. ಸರ್ಕಾರದ ಖರ್ಚಿನಲ್ಲಿ ವೈದ್ಯಕೀಯ ಓದಿ, ಆ ಋಣಕ್ಕಾಗಿ ಸೈನ್ಯದಲ್ಲಿ ವೈದ್ಯರಾಗಿ ದುಡಿದರು. ಮನೆಯ ಸ್ಥಿತಿ ನೋಡಿ ಕೋರ್ಸು ಆರಿಸಿಕೊಂಡ ನಮ್ಮಂಥವರಿಗೆ ಇದು ಹೊಸ ಕಥೆಯೇನಲ್ಲ. ಸೈನ್ಯದಲ್ಲಿದ್ದಾಗಲೇ, 1847ರಲ್ಲಿ, ಶಕ್ತಿಯ ಸಂರಕ್ಷಣೆಯ ಕುರಿತ ಪ್ರಬಂಧ ಬರೆದರು. ಮುಂದೆ ಕಪ್ಪೆಯ ನರದಲ್ಲಿ ಸಂದೇಶ ಓಡುವ ವೇಗವನ್ನು ಅಳೆದರು. ಜೀವಂತ ಮನುಷ್ಯನ ಅಕ್ಷಿಪಟಲವನ್ನು ನೋಡುವ ನೇತ್ರದರ್ಶಕವನ್ನು 1851ರಲ್ಲಿ ಪರಿಚಯಿಸಿದರು. ಸಿಲಿಯರಿ ಸ್ನಾಯು ಮಸೂರದ ಆಕಾರ ಬದಲಿಸುವ ಬಗೆಯನ್ನು ವಿವರಿಸಿದವರೂ ಅವರೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕತ್ತಲೆ ಪೆಟ್ಟಿಗೆ. ಅದರೊಳಗೆ ಅಕ್ಷರಗಳ ಹಾಳೆ, ಜೊತೆಗೆ ಬೆಳಕು ನುಸುಳುವ ಒಂದು ಸೂಜಿರಂಧ್ರ. ಕಣ್ಣನ್ನು ಆ ಚುಕ್ಕೆಯಲ್ಲೇ ನೆಟ್ಟಿರಬೇಕು. ವಿದ್ಯುತ್ ಕಿಡಿ ಹಾರಿದಾಗ ಕ್ಷಣಮಾತ್ರ ಬೆಳಕು; ಅಷ್ಟರೊಳಗೆ ಕಣ್ಣು ಹೊರಳಲಾರದು. ಆದರೂ ಯಾವ ಭಾಗದ ಅಕ್ಷರಗಳು ಬೇಕೆಂದು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡರೆ ಅವು ಓದಲು ಸಿಗುತ್ತಿದ್ದವು, ಉಳಿದವು ತಪ್ಪಿಹೋಗುತ್ತಿದ್ದವು. ನೋಟ ಒಂದು ಕಡೆ, ಗಮನ ಇನ್ನೊಂದು ಕಡೆ.

ಇದು ಮೆದುಳಿನ ಯಾವ ಭಾಗದ ಕೆಲಸವೆಂದು ನೋಡುವ ಸಾಧನ ಆಗ ಇರಲಿಲ್ಲ. ಅವರು 1894ರಲ್ಲಿ ತೀರಿಕೊಂಡರು. ಸುಮಾರು ನೂರು ವರ್ಷಗಳ ನಂತರ ಮೆದುಳಿನ ಸ್ಕ್ಯಾನಿಂಗ್‌ನಲ್ಲಿ ಮುಖ್ಯವಾಗಿ ಎರಡು ತಾಣಗಳು ಕಂಡವು: ಮುಂಭಾಗದ ಹಾಲೆಯಲ್ಲಿರುವ ಫ್ರಾಂಟಲ್ ಐ ಫೀಲ್ಡ್, ಮತ್ತು ನೆತ್ತಿಯ ಕಡೆಯ ಪರೈಟಲ್ ಹಾಲೆಯ ಒಂದು ಸೀಳಿನ ಸುತ್ತಲಿನ ಪ್ರದೇಶ. ಯಾವ ಜಾಗಕ್ಕೆ ಆದ್ಯತೆ ಕೊಡಬೇಕೆಂಬ ಸೂಚನೆ ಇಲ್ಲಿಂದ ತಲೆಯ ಹಿಂಭಾಗದ ದೃಷ್ಟಿ ಪ್ರದೇಶಕ್ಕೆ ಹೋಗುತ್ತದೆ. ಕಣ್ಣು ಹೊರಳಿಸುವುದರಲ್ಲೂ ಇವೇ ತಾಣಗಳ ಕೈವಾಡವಿದೆ. ಹಾಗಾಗಿ ಕಣ್ಣು ನೋಡಿ ಗಮನವನ್ನು ಊಹಿಸುವ ನಮ್ಮ ರೂಢಿ ಪೂರ್ತಿ ಸುಳ್ಳಲ್ಲ, ಆದರೆ ಮೋಸಹೋಗುತ್ತದೆ.

ಪಾಠದ ದಿನಚರಿಯಲ್ಲಿ ಆ ಹುಡುಗನ ಹೆಸರಿನ ಮುಂದೆ ಗಮನವಿಲ್ಲ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಮರುದಿನ ಹಲಗೆಯ ನಡುವೆ ಚುಕ್ಕೆಯಿಟ್ಟು, ಎರಡೂ ಬದಿಗೆ ಅಕ್ಷರ ಬರೆದು ಮಕ್ಕಳಿಂದ ಮಾಡಿಸಿ ನೋಡಿದೆ. ಹಲವರ ಕಣ್ಣು ಹೊರಳಿಯೇಬಿಟ್ಟಿತು. ಕಿಡಿ ಏಕೆ ಬೇಕಿತ್ತೆಂದು ಆಗ ತಿಳಿಯಿತು.