ಹಾಸೆನ್‌ಹೈಡೆಯ ವ್ಯಾಯಾಮಗುರು

ಕ್ರೀಡಾಂಗಣದ ಅಂಚಿನಲ್ಲಿ ಲಾಗ ಹಾಕುತ್ತ, ಒಬ್ಬರ ಭುಜದ ಮೇಲೊಬ್ಬರು ನಿಂತು ಗೋಪುರ ಕಟ್ಟುತ್ತ ತಮ್ಮ ತಂಡವನ್ನು ಹುರಿದುಂಬಿಸುವ ತರುಣ ತರುಣಿಯರ ಕಲೆಗೆ ಚಿಯರ್‌ಲೀಡಿಂಗ್ ಎಂದು ಹೆಸರು. 1898ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ಪ್ರೇಕ್ಷಕರ ಮುಂದೆ ನಿಂತು ಜಯಘೋಷ ಮಾಡಿಸಿದಂದಿನಿಂದ ಅದರ ಚರಿತ್ರೆಯನ್ನು ಹೇಳುವುದು ವಾಡಿಕೆ. ಬರಿಯ ಕೂಗಾಗಿದ್ದುದು ಕ್ರಮೇಣ ಅಂಗಸಾಧನೆಯನ್ನು ಮೈಗೂಡಿಸಿಕೊಂಡು ಸ್ಪರ್ಧೆಯ ಕ್ರೀಡೆಯಾಯಿತು. 2021ರಲ್ಲಿ ಅದರ ಅಂತಾರಾಷ್ಟ್ರೀಯ ಸಂಘಕ್ಕೆ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆಯೂ ದೊರೆಯಿತು. ಆ ಅಂಗಸಾಧನೆಯ ಜಾಡು ಹಿಡಿದು ಹಿಂದಕ್ಕೆ ಸಾಗಿದರೆ ಜರ್ಮನಿಯ ಉಪಾಧ್ಯಾಯನೊಬ್ಬನು ಎದುರಾಗುತ್ತಾನೆ. ಅವನೇ ಫ್ರೀಡ್ರಿಕ್ ಲುಡ್ವಿಗ್ ಯಾನ್.

1778ರಲ್ಲಿ ಲಾನ್ಸ್ ಎಂಬ ಹಳ್ಳಿಯ ಪಾದ್ರಿಯೊಬ್ಬನ ಮಗನಾಗಿ ಯಾನ್ ಜನಿಸಿದನು. ಹಲವು ವಿದ್ಯಾಲಯಗಳನ್ನು ಸುತ್ತಿದರೂ ಪದವಿ ಅವನಿಗೆ ಒಲಿಯಲಿಲ್ಲ. 1806ರಲ್ಲಿ ನೆಪೋಲಿಯನ್ನನ ಸೈನ್ಯವು ಪ್ರಷ್ಯವನ್ನು ಸೋಲಿಸಿದ ಬಳಿಕ, ಸೋತ ನಾಡಿನ ಚೈತನ್ಯವನ್ನು ಎಳೆಯರ ಮೈಮನಗಳಲ್ಲಿ ಮರಳಿ ತುಂಬಬೇಕೆಂಬ ಹಂಬಲ ಅವನಲ್ಲಿ ಮೂಡಿತು. ಬರ್ಲಿನ್ನಿನಲ್ಲಿ ಉಪಾಧ್ಯಾಯನಾಗಿ, ಪಾಠದ ಬಿಡುವಿನಲ್ಲಿ ಹುಡುಗರನ್ನು ಊರಾಚೆಗೆ ಕರೆದೊಯ್ಯತೊಡಗಿದನು. 1811ರಲ್ಲಿ ಹಾಸೆನ್‌ಹೈಡೆಯ ಬಯಲಿನಲ್ಲಿ ಅವನ ವ್ಯಾಯಾಮದ ಅಂಗಳ ತೆರೆಯಿತು.

ಅಲ್ಲಿ ಹತ್ತುವ ಕಂಬಗಳೂ ಜೋತಾಡುವ ಅಡ್ಡಸರಳುಗಳೂ ಇದ್ದವು. ತೋಳುಗಳ ಬಲವರ್ಧನೆಗಾಗಿ ಅವನು ಬಳಕೆಗೆ ತಂದ ಜೋಡಿ ಸರಳುಗಳು ಇಂದಿಗೂ ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳಲ್ಲಿ ಉಳಿದಿವೆ. ಸಿರಿವಂತನ ಮಗನೂ ಬಡವನ ಮಗನೂ ಒಂದೇ ಬಗೆಯ ಒರಟು ನಾರುಬಟ್ಟೆಯನ್ನು ತೊಡುತ್ತಿದ್ದರು. ಪರಸ್ಪರ ಏಕವಚನದಲ್ಲಿಯೇ ಮಾತನಾಡುವುದು ಅಲ್ಲಿನ ನಿಯಮ. ಅಂತಸ್ತುಗಳ ಏಣಿಯನ್ನೇ ನಂಬಿದ್ದ ಆ ಕಾಲದ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

1813ರಲ್ಲಿ ಸ್ವಯಂಸೇವಕರ ಪಡೆಯನ್ನು ಸೇರಿ ಯಾನ್ ನೆಪೋಲಿಯನ್ನನ ವಿರುದ್ಧ ಹೋರಾಡಿದನು. 1816ರಲ್ಲಿ ಶಿಷ್ಯ ಐಸೆಲೆನ್ನನೊಡಗೂಡಿ ತನ್ನ ವ್ಯಾಯಾಮಪದ್ಧತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಆದರೆ ಅವನ ದೇಶಪ್ರೇಮಕ್ಕೆ ಕಹಿಯೂ ಬೆರೆತಿತ್ತು. ಫ್ರೆಂಚರನ್ನು ಮಾತ್ರವಲ್ಲದೆ ಯೆಹೂದ್ಯರನ್ನೂ ಅವನು ದ್ವೇಷದಿಂದ ಕಂಡನು. ಅಂಗಳದೊಳಗೆ ಭೇದವನ್ನು ಅಳಿಸಿದವನ ಮನಸ್ಸು ಅಂಗಳದ ಹೊರಗೆ ಅಷ್ಟು ವಿಶಾಲವಾಗಿರಲಿಲ್ಲವೆಂಬುದನ್ನು ಮರೆಮಾಚಲಾಗದು.

ಯುದ್ಧ ಮುಗಿದ ಮೇಲೆ, ಏಕೀಕೃತ ಜರ್ಮನಿಯನ್ನು ಬಯಸುವ ತರುಣರ ಕೂಟಗಳು ಅರಸರಿಗೆ ಭೀತಿ ಹುಟ್ಟಿಸಿದವು. 1819ರಲ್ಲಿ ನಾಟಕಕಾರ ಕೋಟ್ಸೆಬೂ ವಿದ್ಯಾರ್ಥಿಯೊಬ್ಬನಿಂದ ಹತನಾದಾಗ ಸಂಶಯದ ದೃಷ್ಟಿ ವ್ಯಾಯಾಮದ ಅಂಗಳದತ್ತಲೂ ಹೊರಳಿತು. ಅದೇ ವರ್ಷ ಯಾನ್ ಬಂಧಿತನಾದನು. 1820ರಲ್ಲಿ ಪ್ರಷ್ಯದಲ್ಲಿ ಅಂಗಸಾಧನೆಯೇ ನಿಷೇಧಕ್ಕೊಳಗಾಯಿತು. ಹುಡುಗರು ಸರಳಿಗೆ ಜೋತಾಡುವುದಕ್ಕೂ ಪ್ರಭುತ್ವವು ಅಂಜಿತು! 1825ರಲ್ಲಿ ನ್ಯಾಯಾಲಯ ಅವನನ್ನು ಬಿಡುಗಡೆಗೊಳಿಸಿತಾದರೂ ಬರ್ಲಿನ್ನಿನಲ್ಲಾಗಲಿ, ವಿಶ್ವವಿದ್ಯಾನಿಲಯಗಳಿರುವ ಊರುಗಳಲ್ಲಾಗಲಿ ವಾಸಿಸಲು ಅಪ್ಪಣೆ ದೊರೆಯಲಿಲ್ಲ. ತರುಣರ ಸಹವಾಸವನ್ನೇ ಉಸಿರಾಗಿಸಿಕೊಂಡಿದ್ದ ಗುರುವಿಗೆ ಇದಕ್ಕಿಂತ ಕಠಿಣ ಶಿಕ್ಷೆ ಬೇರೆ ಯಾವುದಿದ್ದೀತು? ಅವನು ಫ್ರೈಬುರ್ಗ್ ಎಂಬ ಚಿಕ್ಕ ಊರನ್ನು ಸೇರಿದನು.

ಅದೇ 1825ರಲ್ಲಿ ಅವನ ಶಿಷ್ಯ ಬೆಕ್, ಸ್ವದೇಶವನ್ನು ತೊರೆದು ಅಮೆರಿಕಕ್ಕೆ ಹೋಗಿ, ಮ್ಯಾಸಚೂಸೆಟ್ಸಿನ ರೌಂಡ್ ಹಿಲ್ ಶಾಲೆಯಲ್ಲಿ ಗುರುವಿನ ಪದ್ಧತಿಯನ್ನು ಕಲಿಸತೊಡಗಿದನು. ಮರುವರ್ಷ ಮತ್ತೊಬ್ಬ ಅನುಯಾಯಿ ಫೊಲೆನ್ ಹಾರ್ವರ್ಡ್ ವಿದ್ಯಾರ್ಥಿಗಳಿಗೆ ಅದರ ರುಚಿ ಹತ್ತಿಸಿದನು. 1848ರಲ್ಲಿ ಜರ್ಮನ್ ವಲಸಿಗರು ಸಿನ್ಸಿನಾಟಿಯಲ್ಲಿ ವ್ಯಾಯಾಮಸಂಘವನ್ನು ಸ್ಥಾಪಿಸಿದರು. ಅಂಗಸಾಧನೆ ಅಮೆರಿಕದಲ್ಲಿ ಬೇರೂರುವುದಕ್ಕೆ ಇವರೆಲ್ಲರ ಪಾಲೂ ಉಂಟು.

ಪ್ರಷ್ಯದ ನಿಷೇಧ 1842ರಲ್ಲಿ ತೆರವಾಯಿತು. 1848ರ ಫ್ರಾಂಕ್‌ಫರ್ಟ್ ಸಂಸತ್ತಿಗೆ ಯಾನ್ ಆಯ್ಕೆಯಾದನಾದರೂ, ಅಲ್ಲಿ ರಾಜಪ್ರಭುತ್ವದ ಪರ ನಿಂತು ಗಣರಾಜ್ಯವನ್ನು ಬಯಸಿದ ತರುಣರ ಬೇಸರಕ್ಕೆ ಗುರಿಯಾದನು. ಆ ವೇಳೆಗೆ ಅವನಿಗೆ ಎಪ್ಪತ್ತು ವರ್ಷ. ಮತ್ತೆ ಫ್ರೈಬುರ್ಗಿಗೆ ಮರಳಿ, 1852ರ ಅಕ್ಟೋಬರ್ 15ರಂದು ಅಲ್ಲಿಯೇ ಕೊನೆಯುಸಿರೆಳೆದನು.