ಬಾಣಗಳ ಸುಲ್ತಾನ

ನಮ್ಮ ರಾವೂರ ಸುಣ್ಣಗಲ್ಲಿನ ನೆಲದ ಮೇಲಿರುವ ಊರು. ಬಾಲ್ಯದಲ್ಲಿ ದೂರದ ಗಣಿಯಲ್ಲಿ ಮದ್ದು ಸಿಡಿದಾಗಲೆಲ್ಲ ನಮ್ಮ ಮನೆಯ ಗೂಡಿನಲ್ಲಿಟ್ಟ ಪಾತ್ರೆಗಳು ಗಲಗಲನೆ ಅಲುಗುತ್ತಿದ್ದವು. ಗಣಿಯಲ್ಲಿ ಕೂದಲು ನೆರೆಸಿಕೊಂಡ ಹಿರಿಯರೊಬ್ಬರು ಒಮ್ಮೆ ನನಗೆ ಆ ಮದ್ದಿನ ಗುಟ್ಟನ್ನು ತಿಳಿಸಿದರು. ಬಯಲಿನಲ್ಲಿ ಸುರಿದು ಕಿಡಿ ತಾಗಿಸಿದರೆ ಅದು ಭುಗ್ಗೆಂದು ಉರಿದು ಹೋಗುತ್ತದೆ. ಬಂಡೆಗೆ ರಂಧ್ರ ಕೊರೆದು, ಒಳಗೆ ಗಿಡಿದು, ಬಾಯಿ ಮುಚ್ಚಿದರೆ ಬೆಟ್ಟವನ್ನೇ ಸೀಳುತ್ತದೆ. ಈ ಮಾತನ್ನು ನೆನೆದಾಗಲೆಲ್ಲ ನನಗೆ ಮೈಸೂರಿನ ಟೀಪೂ ಸುಲ್ತಾನನ ನೆನಪಾಗುತ್ತದೆ.

ಹಾಗೆ ನೆನಪಾಗುವುದರಲ್ಲಿ ಒಂದು ವಿಚಿತ್ರವೂ ಇದೆ. ನಮ್ಮ ಸೀಮೆ 1948ರವರೆಗೆ ನಿಜಾಮನ ರಾಜ್ಯಕ್ಕೆ ಸೇರಿತ್ತು. ಟೀಪೂವಿನ ಕೊನೆಯ ಯುದ್ಧದಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದವರಲ್ಲಿ ನಿಜಾಮನ ಸೈನ್ಯವೂ ಇತ್ತು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಆತನ ಕಥೆ ನಮ್ಮ ಕಥೆಯೂ ಆಯಿತು. ಮುತ್ತಿದವರ ಕಡೆಯ ನೆಲದಲ್ಲಿ ಹುಟ್ಟಿದ ನಾನು ಇಂದು ಆತನ ಜೀವನವನ್ನು ಬರೆಯಲು ಕುಳಿತಿದ್ದೇನೆ.

ಟೀಪೂ 1751ರ ಸುಮಾರಿಗೆ ದೇವನಹಳ್ಳಿಯಲ್ಲಿ ಹುಟ್ಟಿದನು. ಬಾಣಗಳ ನಂಟು ಆತನ ಮನೆತನಕ್ಕೆ ಹಳೆಯದು. ಅಜ್ಜ ಫತೇ ಮಹಮ್ಮದನು ಆರ್ಕಾಟಿನ ನವಾಬನಲ್ಲಿ ಬಾಣ ಹಾರಿಸುವ ಐವತ್ತು ಮಂದಿಯ ನಾಯಕನಾಗಿದ್ದನೆಂದು ಹೇಳುತ್ತಾರೆ. ತಂದೆ ಹೈದರಾಲಿಯು ಸಾಮಾನ್ಯ ಸಿಪಾಯಿತನದಿಂದ ಮೇಲೇರಿ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಅಕ್ಷರವರಿಯದ ಆ ತಂದೆ ಮಗನಿಗೆ ಮಾತ್ರ ಒಳ್ಳೆಯ ವಿದ್ಯೆ ಕೊಡಿಸಿದನು. ಹದಿನೈದು ಹದಿನಾರರ ಪ್ರಾಯದಲ್ಲಿಯೇ ಅವನನ್ನು ರಣರಂಗಕ್ಕೂ ಕರೆದೊಯ್ದನು.

ಮದ್ದು ತುಂಬಿದ ಬಾಣ ಮೈಸೂರಿನವರ ಹೊಸ ಶೋಧವೇನೂ ಅಲ್ಲ. ಮದ್ದು ಚೀನಾದೇಶದಲ್ಲಿ ಹುಟ್ಟಿದ್ದು. ಅಗ್ನಿಬಾಣಗಳೂ ಮೊದಲು ಹಾರಿದ್ದು ಅಲ್ಲಿಯೇ. ಆದರೆ ಹಿಂದಿನ ಬಾಣಗಳ ಕೊಳವೆ ಬಿದಿರು ಇಲ್ಲವೆ ಕಾಗದದ್ದು. ಮದ್ದಿನ ಒತ್ತಡ ಮಿತಿಮೀರಿದರೆ ಅದು ಒಡೆದುಹೋಗುತ್ತಿತ್ತು. ಮೈಸೂರಿನ ಕಮ್ಮಾರರು ಗೇಣುದ್ದದ ಕಬ್ಬಿಣದ ಕೊಳವೆ ಮಾಡಿ, ಅದರಲ್ಲಿ ಮದ್ದನ್ನು ಗಿಡಿದು, ಉದ್ದವಾದ ಬಿದಿರಿಗೆ ಕಟ್ಟಿದರು. ಕೆಲವಕ್ಕೆ ಕತ್ತಿಯ ಅಲಗನ್ನೇ ಕಟ್ಟಿದರು. ಕಬ್ಬಿಣ ಹೆಚ್ಚಿನ ಒತ್ತಡವನ್ನು ತಡೆಯಿತು. ಹಿಂದೆ ನುಗ್ಗುವ ಹೊಗೆಯ ರಭಸ ಹೆಚ್ಚಿತು. ಬಾಣ ಒಂದು ಕಿಲೋಮೀಟರಿಗೂ ಮಿಕ್ಕಿ ಹಾರಿತು. ನಮ್ಮ ಗಣಿಯ ಹಿರಿಯರು ಹೇಳಿದ್ದೂ ಇದೇ ತತ್ತ್ವವಲ್ಲವೆ?

1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ತಂದೆಮಕ್ಕಳ ಸೈನ್ಯದ ನಡುವೆ ಸಿಕ್ಕಿಬಿದ್ದಿತು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದುವು. ಅವಕ್ಕೆ ಬೆಂಕಿ ತಗುಲಿಸಿದ್ದು ಮೈಸೂರಿನ ಬಾಣಗಳೆಂದು ಹೇಳಲಾಗಿದೆ. ಬೇಲಿ ಸೆರೆಯಾದನು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡಾಗ ಟೀಪೂ ರಾಜ್ಯವನ್ನು ವಹಿಸಿಕೊಂಡು ಬಾಣದ ಪಡೆಯನ್ನು ಸಾವಿರಗಟ್ಟಲೆ ಮಂದಿಗೆ ಬೆಳೆಸಿದನು.

ಆತ ಬರಿಯ ಯೋಧನಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆಯನ್ನು ಬೆಳೆಸಿದನು. ಫ್ರಾನ್ಸಿನ ಹದಿನಾರನೆಯ ಲೂಯಿಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದಾಗ ಕುಶಲ ಕರ್ಮಿಗಳನ್ನೂ ಬೇಡಿದನು. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯನ್ನು ಸುಲಿದಾಗ ಜಗದ್ಗುರುಗಳಿಗೆ ಕನ್ನಡದಲ್ಲಿ ಪತ್ರ ಬರೆದು ನೆರವಾದನು. ಇನ್ನೊಂದು ಮುಖವನ್ನು ಮರೆಮಾಚುವುದು ನ್ಯಾಯವಲ್ಲ. ಕೊಡಗಿನವರೂ ಮಲಬಾರಿನ ನಾಯರರೂ ಕರಾವಳಿಯ ಕ್ರೈಸ್ತರೂ ಆತನ ಕೈಯಲ್ಲಿ ಪಟ್ಟ ಪಾಡು, ಊರು ಬಿಟ್ಟು ಸೆರೆ ಹೋದ ಸಾವಿರಾರು ಜನರ ನೋವು, ಆ ಮನೆತನಗಳಲ್ಲಿ ಇಂದಿಗೂ ಆರಿಲ್ಲ. ಜೀವನಚರಿತ್ರೆ ಬರೆಯುವವನು ಎರಡನ್ನೂ ಒಂದೇ ಕೈಯಿಂದ ಬರೆಯಬೇಕು.

1792ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಕೂಡಿ ಆತನನ್ನು ಸೋಲಿಸಿದರು. ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿದ್ದಿತು. ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಶತ್ರುವಿನ ಬಿಡಾರಕ್ಕೆ ಕಳುಹಿಸಬೇಕಾಯಿತು.

1799ರಲ್ಲಿ ಕಡೆಯ ಮುತ್ತಿಗೆ ಬಂದಿತು. ನಿಜಾಮನ ದಂಡಿನೊಡನೆ ಬಂದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನೂ ಇವನೇ. ಏಪ್ರಿಲ್ 5ರ ಕತ್ತಲೆಯಲ್ಲಿ ಸುಲ್ತಾನಪೇಟೆಯ ತೋಪಿನೊಳಗೆ ನುಗ್ಗಿದ ಅವನ ಪಡೆ ಬಾಣಗಳ ಮತ್ತು ಗುಂಡುಗಳ ಮಳೆಗೆ ದಿಕ್ಕು ತಪ್ಪಿ ಹಿಂದೆಗೆಯಿತು. ಆದರೆ ಮರುದಿನ ತೋಪು ಬಿದ್ದಿತು; ಮೇ 4ರ ಮಧ್ಯಾಹ್ನ ಕೋಟೆಯೂ ಬಿದ್ದಿತು. ಓಡಿಹೋಗದೆ ಹೋರಾಡಿದ ಸುಲ್ತಾನನ ದೇಹ ಆ ಸಂಜೆ ಹೆಣಗಳ ರಾಶಿಯ ನಡುವೆ ಸಿಕ್ಕಿತು.

ಆತನ ಬಾಣಗಳು ಮಾತ್ರ ಸಾಯಲಿಲ್ಲ. ಇಂಗ್ಲೆಂಡಿಗೆ ಹೋದ ಮಾದರಿಗಳನ್ನು ನೋಡಿ ವಿಲಿಯಂ ಕಾಂಗ್ರೀವನು ಪ್ರಯೋಗ ನಡೆಸಿದನು. 1806ರಲ್ಲಿ ಬೊಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವನ ಬಾಣಗಳು ಬಿದ್ದುವು. ಅವರಲ್ಲಿ ಅಳತೆ ಇತ್ತು, ಲೆಕ್ಕವಿತ್ತು, ಬರೆದಿಡುವ ಅಭ್ಯಾಸವಿತ್ತು. ನಮ್ಮಲ್ಲಿ ಕಮ್ಮಾರನ ಕೈಚಳಕ ಅವನ ಕೈಯಲ್ಲೇ ಉಳಿಯಿತು. ದೊರೆ ಬಿದ್ದೊಡನೆ ಕುಲುಮೆಯೂ ಆರಿತು. ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಇತಿಹಾಸವನ್ನು ವಿವರವಾಗಿ ಪರಿಶೀಲಿಸಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣಗಳು ಕೆಸರಿನಿಂದ ಹೊರಬಂದುವು. ಎರಡು ಶತಮಾನ ಅವು ಅಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದುವು.

ಮದ್ದು ಹುಟ್ಟಿದ ಚೀನಾದಲ್ಲಿಯೂ ಆ ವಿದ್ಯೆ ಬಹುಕಾಲ ಹಿಂದೆ ಬಿದ್ದಿತ್ತು. ಇಂದು ಅವರು ಮತ್ತೆ ಮುಂದೆ ನಡೆದಿದ್ದಾರೆ. 2016ರಲ್ಲಿ ಮೊದಲು ಹಾರಿದ ಅವರ ಲಾಂಗ್ ಮಾರ್ಚ್-5 ಸುಮಾರು 25 ಟನ್ ಭಾರವನ್ನು ಭೂಮಿಯ ಸಮೀಪದ ಕಕ್ಷೆಗೆ ಏರಿಸಬಲ್ಲುದು. 2017ರಲ್ಲಿ ಅದರ ಎರಡನೆಯ ಹಾರಾಟ ಕೆಟ್ಟಿತು. ತಪ್ಪನ್ನು ಹುಡುಕಿ ತಿದ್ದಿ ಮತ್ತೆ ಹಾರಿಸಲು ಎರಡೂವರೆ ವರ್ಷ ಹಿಡಿಯಿತು. ಚಂದ್ರನಿಗೆ ಮನುಷ್ಯರನ್ನು ಕಳುಹಿಸಲೆಂದು ರೂಪಿಸಿದ ಲಾಂಗ್ ಮಾರ್ಚ್-10ಕ್ಕೆ ಸುಮಾರು 70 ಟನ್ ಏರಿಸುವ ಗುರಿಯಿದೆ. ಆ ಎರಡೂವರೆ ವರ್ಷದ ತಾಳ್ಮೆ ನನಗೆ ಭಾರದ ಅಂಕಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಟೀಪೂವಿನ ಕುಲುಮೆಗಳಿಗೆ ಅಂಥ ಕಾಲಾವಕಾಶ ಸಿಗಲಿಲ್ಲ. ಸಿಕ್ಕ ಕಾಲದಲ್ಲಿ ಕಲಿತುದನ್ನು ಮುಂದಿನವರಿಗೆ ದಾಟಿಸುವ ಶಾಲೆಯೂ ಉಳಿಯಲಿಲ್ಲ.

ಈಗಲೂ ಗಣಿಯ ಕಡೆಯಿಂದ ಆ ಸದ್ದು ಬಂದಾಗ ನಾನು ಒಂದು ಕ್ಷಣ ಓದುವುದನ್ನು ನಿಲ್ಲಿಸುತ್ತೇನೆ. ಬೆಂಕಿ ಎಲ್ಲ ನಾಡುಗಳಿಗೂ ದೊರೆತಿದೆ. ಅದನ್ನು ಹಿಡಿದಿಡುವ ಕೊಳವೆಯನ್ನು ಒಂದು ಕಾಲಕ್ಕೆ ನಮ್ಮವರೇ ಎಲ್ಲರಿಗಿಂತ ಗಟ್ಟಿಯಾಗಿ ಮಾಡಿದ್ದರು. ಗೂಡಿನ ಪಾತ್ರೆಗಳು ಅಲುಗಿ ಸುಮ್ಮನಾಗುವವರೆಗೆ ನಾನು ಅದನ್ನೇ ಯೋಚಿಸುತ್ತ ಕೂರುತ್ತೇನೆ.