ಜಿನ್ಸೆಂಡಾರ್ಫ್ ಪ್ರಭುವಿನ ಚರಿತ್ರೆ

ನಮ್ಮ ಸಭೆಗಳಲ್ಲಿ ಎರಡು ಬಗೆಯ ಕುಟುಂಬಗಳುಂಟು. ಕೆಲವರು ದೇವಾಲಯದ ಸುತ್ತಲೂ ಒಂದೇ ಕೇರಿಯಲ್ಲಿ ವಾಸಿಸುತ್ತಾರೆ. ಆರಾಧನೆಯ ಗಂಟೆಯು ಅವರ ಒಲೆಯ ಬಳಿಗೂ ಕೇಳಿಸುತ್ತದೆ. ಬೇರೆ ಕೆಲವರು ದೂರದ ಹಳ್ಳಿಯಲ್ಲಿ ಒಂಟಿ ಮನೆಯವರಾಗಿಯೋ, ಹೊಟ್ಟೆಪಾಡಿಗಾಗಿ ಪಟ್ಟಣ ಸೇರಿದವರಾಗಿಯೋ ಇದ್ದಾರೆ. ಹತ್ತಿರವಿರುವವರು ತಾವೇ ಸಭೆಯೆಂದು ಎಣಿಸಿಕೊಳ್ಳುವುದೂ, ದೂರವಿರುವವರು ತಾವು ಲೆಕ್ಕಕ್ಕೆ ಸೇರದವರೆಂದು ಕುಗ್ಗಿಹೋಗುವುದೂ ಉಂಟು. ಈ ಎರಡು ತಪ್ಪುಗಳನ್ನೂ ನೀಗಿಸಲು ಆಯುಷ್ಯವೆಲ್ಲಾ ಪ್ರಯಾಸಪಟ್ಟ ಒಬ್ಬ ದೇವಭಕ್ತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ನಿಕೊಲಾಸ್ ಲುಡ್ವಿಗ್ ಜಿನ್ಸೆಂಡಾರ್ಫನು ಜರ್ಮನಿ ದೇಶದ ಡ್ರೆಸ್ಡೆನ್ ಪಟ್ಟಣದಲ್ಲಿ 1700ನೆಯ ಇಸವಿ ಮೇ 26ರಂದು ಪ್ರಭುಗಳ ಮನೆತನದಲ್ಲಿ ಹುಟ್ಟಿದನು. ಶಿಶುವು ಆರು ವಾರದ್ದಾಗಿದ್ದಾಗಲೇ ತಂದೆಯು ತೀರಿಹೋದನು. ಕೆಲವು ವರುಷಗಳಾದ ಮೇಲೆ ತಾಯಿಯು ಮರುಮದುವೆಯಾದದರಿಂದ ಭಕ್ತಿವಂತೆಯಾದ ಅಜ್ಜಿಯು ಅವನನ್ನು ಸಾಕಿದಳು. ಹತ್ತನೆಯ ವರುಷದಲ್ಲಿ ಅವನನ್ನು ಹಾಲೆ ಪಟ್ಟಣದಲ್ಲಿ ಫ್ರಾಂಕೆ ಬೋಧಕನು ನಡಿಸುತ್ತಿದ್ದ ಪಾಠಶಾಲೆಗೆ ಸೇರಿಸಿದರು. ತಮಿಳು ಸೀಮೆಯ ತರಂಗಂಬಾಡಿಗೆ 1706ರಲ್ಲಿ ಬಂದ ಮಿಶನರಿಗಳು ಆ ಹಾಲೆಯೊಂದಿಗೆ ಸಂಬಂಧವುಳ್ಳವರು. ಹೀಗೆ ನಮ್ಮ ದೇಶದ ವರ್ತಮಾನವು ಬಾಲ್ಯದಲ್ಲಿಯೇ ಆತನ ಕಿವಿಗೆ ಬಿತ್ತು. ಬಳಿಕ ಆತನು ವಿಟ್ಟೆನ್‌ಬೆರ್ಗಿನಲ್ಲಿ ನ್ಯಾಯಶಾಸ್ತ್ರವನ್ನು ಕಲಿತು, ಬಂಧುಗಳ ಇಷ್ಟದ ಪ್ರಕಾರ 1721ರಲ್ಲಿ ಡ್ರೆಸ್ಡೆನಿನಲ್ಲಿ ಸರಕಾರದ ಉದ್ಯೋಗಕ್ಕೆ ಸೇರಿದನು. ಮರುವರುಷ ಅಜ್ಜಿಯಿಂದ ಬೆರ್ತೆಲ್ಸ್‌ಡಾರ್ಫ್ ಎಂಬ ಗ್ರಾಮವನ್ನು ಕ್ರಯಕ್ಕೆ ಕೊಂಡು, ಎರ್ದ್‌ಮೂತೆ ಎಂಬ ಪ್ರಭುಪುತ್ರಿಯನ್ನು ಮದುವೆಯಾದನು.

ಆ ಕಾಲದಲ್ಲಿ ನೆರೆಯ ಮೊರಾವಿಯ ಸೀಮೆಯಲ್ಲಿ ಹುಸ್ ಎಂಬ ರಕ್ತಸಾಕ್ಷಿಯ ಬೋಧನೆಯನ್ನು ಅನುಸರಿಸಿದವರ ಸಂತತಿಯವರು ಗುಟ್ಟಾಗಿ ದೇವರ ವಾಕ್ಯವನ್ನು ಓದುತ್ತಾ ಹಿಂಸೆಗೆ ಗುರಿಯಾಗಿದ್ದರು. ಕ್ರಿಸ್ಟಿಯನ್ ದಾವೀದನೆಂಬ ಬಡಗಿಯು ಅವರಲ್ಲಿ ಕೆಲವರನ್ನು ರಾತ್ರಿಯಲ್ಲಿ ಗಡಿ ದಾಟಿಸಿ ಪ್ರಭುವಿನ ಭೂಮಿಗೆ ಕರತಂದನು. 1722ನೆಯ ಇಸವಿ ಜೂನ್ 17ರಂದು ಆ ಬಡಗಿಯು ಕಾಡಿನಲ್ಲಿ ಮೊದಲನೆಯ ಮರವನ್ನು ಕಡಿದನು. ಅಲ್ಲಿ ಎದ್ದ ಊರಿಗೆ ಹೆರ್ನ್‌ಹುಟ್, ಅಂದರೆ ಕರ್ತನ ಕಾವಲು, ಎಂದು ಹೆಸರಾಯಿತು.

ಆದರೆ ಒಂದೇ ಊರಿನಲ್ಲಿ ವಾಸಿಸಿದ ಮಾತ್ರಕ್ಕೆ ಒಂದೇ ಮನಸ್ಸು ಬರುವದಿಲ್ಲ. ಐದು ವರುಷಗಳೊಳಗೆ ಊರಿನಲ್ಲಿ ಸುಮಾರು 300 ಜನರಾದರು. ಮೊರಾವಿಯದವರು, ಲೂಥರನ ಸಭೆಯವರು, ಕಾಲ್ವಿನನ ಬೋಧನೆಯವರು, ಯಾವ ಸಭೆಗೂ ಸೇರದವರು, ಹೀಗೆ ಹಲವರು ಕೂಡಿದ್ದರು. ಒಬ್ಬೊಬ್ಬನಿಗೂ ತನ್ನ ಪದ್ಧತಿಯೇ ಸರಿ. ಜಗಳಗಂಟ ಬೋಧಕನೊಬ್ಬನು ಬಂದು, ಪ್ರಕಟನೆಯಲ್ಲಿ ಹೇಳಿರುವ ಮೃಗವು ಈ ಪ್ರಭುವೇ ಎಂದು ಸಾರಲು, ಅನ್ನ ನೆಲೆಗಳನ್ನು ಕೊಟ್ಟವನ ಮೇಲೆಯೇ ಜನರು ತಿರುಗಿಬಿದ್ದರು. ಮೊದಲನೆಯ ಮರವನ್ನು ಕಡಿದ ಕ್ರಿಸ್ಟಿಯನ್ ದಾವೀದನು ಸಹ ಊರ ಹೊರಗೆ ಬೇರೆ ಗುಡಿಸಲು ಕಟ್ಟಿಕೊಂಡು ಹೋದನು.

ಪ್ರಭುವು ಅವರನ್ನು ಹೊರಗಟ್ಟಬಹುದಾಗಿತ್ತು; ಭೂಮಿ ಅವನದೇ. ಹಾಗೆ ಮಾಡದೆ, 1727ರಲ್ಲಿ ಡ್ರೆಸ್ಡೆನಿನ ಕೆಲಸವನ್ನು ಬಿಟ್ಟು ಬಂದು ಅವರ ನಡುವೆ ವಾಸಮಾಡಿ, ಮನೆಮನೆಗೆ ಹೋಗಿ ಅವರ ಮೊರೆಗಳನ್ನು ಕೇಳಿದನು. ಮೇ 12ರಂದು ಎಲ್ಲರನ್ನೂ ಕೂಡಿಸಿ ಮೂರು ತಾಸು ಮಾತಾಡಿ, ಒಂದು ಒಡಂಬಡಿಕೆಯನ್ನು ಅವರ ಮುಂದಿಟ್ಟನು. ಊರಿನವರು ಎಂದಿಗೂ ಜೀತದಾಳುಗಳಾಗಬಾರದು. ಪ್ರತಿಯೊಬ್ಬನೂ ದುಡಿದು ಉಣ್ಣಬೇಕು. ಮುದುಕರನ್ನೂ ರೋಗಿಗಳನ್ನೂ ದಿಕ್ಕಿಲ್ಲದವರನ್ನೂ ಸಭೆಯು ಸಾಕಬೇಕು. ಬೇರೆ ಸಭೆಯ ದೇವಮಕ್ಕಳನ್ನೂ ಪ್ರೀತಿಸಬೇಕು, ಇವೇ ಮೊದಲಾದವು ಅದರಲ್ಲಿದ್ದವು. ಜನರು ಕೈಗೆ ಕೈಕೊಟ್ಟು ಒಪ್ಪಿದರು. ಹನ್ನೆರಡು ಮಂದಿ ಹಿರಿಯರು ಆರಿಸಲ್ಪಟ್ಟರು. ಅವರೊಳಗಿಂದ ಚೀಟಿ ಹಾಕಿ ತೆಗೆದ ನಾಲ್ವರು ಮುಖ್ಯಸ್ಥರಲ್ಲಿ ಆ ಬಡಗಿಯೂ ಒಬ್ಬನು! ಮೂರು ವರುಷಗಳ ಮೇಲೆ ಸ್ತ್ರೀಯರ ಮುಖ್ಯ ಹಿರಿಯಳಾಗಿ ಬಂದವಳು ಅನ್ನಾ ನಿಚ್‌ಮನ್ ಎಂಬ ಹದಿನಾಲ್ಕು ವರುಷದ ಹುಡುಗಿ, ವಲಸೆ ಬಂದ ಬಡವರ ಮಗಳು. ಕುಲವನ್ನೂ ಧನವನ್ನೂ ನೋಡದೆ ಆರಿಸುವ ಸಭೆ ಹೀಗಿರುತ್ತದೆ.

ಅದೇ ವರುಷ ಆಗಸ್ಟ್ 13ರಂದು ಬೆರ್ತೆಲ್ಸ್‌ಡಾರ್ಫಿನ ದೇವಾಲಯದಲ್ಲಿ ಅವರೆಲ್ಲರೂ ಕರ್ತನ ಭೋಜನಕ್ಕೆ ಕೂಡಿದಾಗ, ವೈರಿಗಳಾಗಿದ್ದವರು ಕಣ್ಣೀರಿಡುತ್ತಾ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಎರಡು ವಾರಗಳ ಮೇಲೆ 24 ಮಂದಿ ಪುರುಷರೂ 24 ಮಂದಿ ಸ್ತ್ರೀಯರೂ ಹಗಲಿರುಳಿನ ತಾಸುಗಳನ್ನು ಹಂಚಿಕೊಂಡು ಪ್ರಾರ್ಥನೆಗೆ ನಿಂತರು. ಆ ಪ್ರಾರ್ಥನೆಯ ಸರದಿಯು ನೂರು ವರುಷಗಳಿಗಿಂತಲೂ ಹೆಚ್ಚು ಕಾಲ ನಡೆಯಿತು.

ಇನ್ನು ದೂರದವರ ಸಂಗತಿ. ಹೆರ್ನ್‌ಹುಟ್ಟಿನ ವರ್ತಮಾನವನ್ನು ಕೇಳಿ ಅನೇಕ ಊರುಗಳ ಜನರು ತಾವೂ ಇವರೊಂದಿಗೆ ಸೇರಬೇಕೆಂದು ಆಶಿಸಿದರು. ಎಲ್ಲರೂ ಮನೆಮಾರುಗಳನ್ನು ಬಿಟ್ಟು ಬಂದರೆ ಅವರ ಊರುಗಳಲ್ಲಿ ಉಪ್ಪು ಎಲ್ಲಿ ಉಳಿದೀತು? ಆದಕಾರಣ ಪ್ರಭುವು ಅವರನ್ನು ಅಲ್ಲಲ್ಲಿಯೇ ಇರಿಸಿದನು. ಅವರು ತಮ್ಮ ಊರಿನ ದೇವಾಲಯವನ್ನು ಬಿಡಬಾರದು, ಅಲ್ಲಿಯೇ ದೀಕ್ಷಾಸ್ನಾನವನ್ನೂ ಭೋಜನವನ್ನೂ ಹೊಂದಬೇಕು. ಆದರೆ ಮನೆಗಳಲ್ಲಿ ಚಿಕ್ಕ ಗುಂಪುಗಳಾಗಿ ಕೂಡಿ ಒಬ್ಬರನ್ನೊಬ್ಬರು ಬಲಪಡಿಸಬೇಕು. ಇವರಿಗೆ ಚದರಿರುವವರು ಎಂಬ ಹೆಸರು ಬಂತು. ಅದು ಪೇತ್ರನ ಪತ್ರಿಕೆಯಿಂದ ತೆಗೆದ ಮಾತು. ಹೆರ್ನ್‌ಹುಟ್ಟಿನ ಸಹೋದರರು ಕಾಲ್ನಡಿಗೆಯಿಂದ ಹೋಗಿ ಅವರನ್ನು ಸಂಧಿಸುತ್ತಿದ್ದರು. ದೂರದಿಂದ ಬಂದ ಕಾಗದಗಳನ್ನು ತಿಂಗಳಿಗೊಂದು ದಿನ ಸಭೆಯ ಮುಂದೆ ಓದಿ ಪ್ರಾರ್ಥಿಸುತ್ತಿದ್ದರು. 1728ರಿಂದ ದಿನಕ್ಕೊಂದು ವಾಕ್ಯವನ್ನು ಊರಿನ ಮನೆಮನೆಗೆ ತಿಳಿಸುವ ಪದ್ಧತಿಯುಂಟಾಯಿತು. 1731ರಿಂದ ಅದು ಅಚ್ಚಾಗಿ, ದೂರವಿದ್ದವನೂ ಊರಲ್ಲಿದ್ದವನೂ ಬೆಳಿಗ್ಗೆ ಒಂದೇ ವಾಕ್ಯವನ್ನು ಓದುವಂತಾಯಿತು. ಆ ಪುಸ್ತಕವು ಈಗಲೂ ವರುಷ ವರುಷ ಅನೇಕ ಭಾಷೆಗಳಲ್ಲಿ ಅಚ್ಚಾಗುತ್ತದೆ.

1732ರಲ್ಲಿ ಡೋಬರನೆಂಬ ಕುಂಬಾರನೂ ನಿಚ್‌ಮನನೆಂಬ ಬಡಗಿಯೂ ದಾಸರಿಗೆ ಸುವಾರ್ತೆಯನ್ನು ಸಾರಲು ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟರು. ಮರುವರುಷ ಬೇರೆಯವರು ಗ್ರೀನ್‌ಲೆಂಡಿಗೆ ಹೋದರು. ಪ್ರಭುವು ಸಹ ಚದರಿದವರಲ್ಲಿ ಒಬ್ಬನಾದನು. 1736ರಲ್ಲಿ ಸಾಕ್ಸೋನಿಯ ಸರಕಾರವು ಅವನನ್ನು ಗಡೀಪಾರು ಮಾಡಿತು. ಹನ್ನೊಂದು ವರುಷ ತನ್ನ ಊರಿನಲ್ಲಿ ನೆಲಸಲು ಅಪ್ಪಣೆಯಿರಲಿಲ್ಲ. ಹಾಲೆಂಡ್, ಇಂಗ್ಲೆಂಡ್, ಅಮೇರಿಕಗಳಲ್ಲಿ ಸಂಚರಿಸಿದನು. ಸಂಗಡ ಹೊರಟವರಿಗೆ ಯಾತ್ರಿಕರ ಸಭೆಯೆಂದು ಹೆಸರಾಯಿತು. ಮನೆತನದ ಲೆಕ್ಕಪತ್ರಗಳನ್ನೂ ಸಾಲಗಳನ್ನೂ ಹೊತ್ತು ನಡಿಸಿದವಳು ಪತ್ನಿಯಾದ ಎರ್ದ್‌ಮೂತೆಯೇ. ಹೆತ್ತ 12 ಮಕ್ಕಳಲ್ಲಿ ಹೆಚ್ಚಿನವರನ್ನು ಎಳೆಯ ಪ್ರಾಯದಲ್ಲಿಯೇ ಮಣ್ಣಿಗೆ ಒಪ್ಪಿಸಿದ ತಾಯಿ ಆಕೆ.

ಆತನ ಕುಂದುಗಳನ್ನು ಮರೆಮಾಡುವದು ನಮಗೆ ತಕ್ಕದ್ದಲ್ಲ. 1739ರಲ್ಲಿ ಸೇಂಟ್ ಥಾಮಸಿಗೆ ಹೋಗಿ ಸೆರೆಯಲ್ಲಿದ್ದ ಬೋಧಕರನ್ನು ಬಿಡಿಸಿದನು ನಿಜ. ಆದರೂ ದಾಸರಿಗೆ ದಾಸತ್ವಕ್ಕೆ ಒಳಪಟ್ಟಿರಬೇಕೆಂದು ಉಪದೇಶಿಸಿದನು. ತನ್ನ ಊರಿನವರು ಜೀತದಾಳುಗಳಾಗಬಾರದೆಂದು ಬರೆಸಿದವನೇ ಹೀಗೆ ಹೇಳಿದನೆಂಬದು ದುಃಖಕರ. ಜರ್ಮನಿಯ ಹೆರ್ನ್‌ಹಾಗ್ ಎಂಬ ಇನ್ನೊಂದು ಊರಿನಲ್ಲಿ ಸುಮಾರು 1000 ಜನರು ಒಟ್ಟಾಗಿ ವಾಸಿಸುತ್ತಿದ್ದರು. ಅಲ್ಲಿ ಆತನ ಮಗನ ಮುಂದಾಳತ್ವದಲ್ಲಿ ಭಕ್ತಿಯು ಅತಿರೇಕದ ಆಟವಾಗಿ ಮಾರ್ಪಟ್ಟಿತು; ಪ್ರಭುವು ತಡವಾಗಿ ಎಚ್ಚತ್ತು 1749ರಲ್ಲಿ ಗದರಿಸಿದನು. ಮರುವರುಷ ಆ ಸೀಮೆಯ ಒಡೆಯನು ಜಿನ್ಸೆಂಡಾರ್ಫನ ಸಂಬಂಧವನ್ನು ಬಿಡಿರಿ, ಇಲ್ಲವೇ ಊರನ್ನು ಬಿಡಿರಿ ಎಂದಾಗ, ಜನರು ಊರನ್ನೇ ಬಿಟ್ಟರು. ಚಂದದ ಮನೆಗಳು ಬರಿದಾದವು. ಅವರ ಅನ್ಯೋನ್ಯತೆಯು ಮುರಿಯಲಿಲ್ಲ.

ಎರ್ದ್‌ಮೂತೆಯು 1756ರಲ್ಲಿ ತೀರಿಕೊಂಡಳು. ಮರುವರುಷ ಪ್ರಭುವು ಅನ್ನಾ ನಿಚ್‌ಮನಳನ್ನು ಮದುವೆಯಾಗಿ, 1760ನೆಯ ಇಸವಿ ಮೇ 9ರಂದು ಹೆರ್ನ್‌ಹುಟ್ಟಿನಲ್ಲಿ ಕರ್ತನಲ್ಲಿ ನಿದ್ರೆಹೋದನು. ಅಷ್ಟರಲ್ಲಿ 200ಕ್ಕೂ ಹೆಚ್ಚು ಮಂದಿ ಮಿಶನರಿಗಳು ದೂರದೇಶಗಳಿಗೆ ಹೊರಟಿದ್ದರು. ಅದೇ ವರುಷ ಕೆಲವರು ತರಂಗಂಬಾಡಿಗೂ ಬಂದು ತಲಪಿದರು. ಬಾಸೆಲ್ ಪಟ್ಟಣದಲ್ಲಿಯೂ ಚದರಿದವರ ಒಂದು ಗುಂಪು ಇತ್ತು. ಆ ಪಟ್ಟಣದಲ್ಲಿಯೇ 1815ರಲ್ಲಿ ಹುಟ್ಟಿದ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರೆಂಬದನ್ನು ನಮ್ಮ ವಾಚಕರು ಬಲ್ಲರು.

ಸಹೋದರ ಸಹೋದರಿಯರೇ, ಈ ಚರಿತ್ರೆಯಿಂದ ನಾವು ಕಲಿಯುವದೇನು? ಸಭೆಯ ಅವಯವವಾಗುವದು ಮನೆ ಇರುವ ಸ್ಥಳದಿಂದಲ್ಲ, ಕೈಕೊಟ್ಟು ಒಪ್ಪಿದ ಮಾತನ್ನು ನಡಿಸುವದರಿಂದ. ಒಂದೇ ಕೇರಿಯಲ್ಲಿರುವ ನಾವು ಬಾವಿಯ ನೀರಿಗಾಗಿಯೋ ಹಿರಿತನಕ್ಕಾಗಿಯೋ ಮಾತು ಬಿಟ್ಟಿದ್ದರೆ, ಬರುವ ಭೋಜನದ ದಿನಕ್ಕೆ ಮುಂಚೆ ಆ ಮನೆಯ ಬಾಗಲಿಗೆ ಹೋಗೋಣ. ಸಭೆಯ ಪುಸ್ತಕದಲ್ಲಿ ಹೆಸರಿದ್ದು ದೂರವಿರುವವರಿಗೆ ಈ ತಿಂಗಳಲ್ಲಿ ಒಂದು ಕಾಗದವನ್ನಾದರೂ ಬರೆಯೋಣ, ಅವರ ಕಾಗದವನ್ನು ಸಭೆಯಲ್ಲಿ ಓದಿಸೋಣ. ಒಂಟಿ ಮನೆಯಲ್ಲಿರುವವರೇ, ನೀವು ಮರೆತುಹೋದವರಲ್ಲ. ನಿಮ್ಮ ಊರಿನಲ್ಲಿ ನೀವೇ ಕರ್ತನ ಕಾವಲು. ಹತ್ತಿರದವರನ್ನೂ ದೂರದವರನ್ನೂ ಆತನು ಒಂದೇ ಮಂದೆಯಾಗಿ ಕಾಯಲಿ.